ಕಟ್ಟೆಯ ಎತ್ತರ

ಮೂರು ವರ್ಷ ಅದನ್ನು ಯಾರಿಗೂ ತೋರಿಸಿರಲಿಲ್ಲ.
ದುರ್ಗದ ಕಾಲೇಜಿನ ಭೂವಿಜ್ಞಾನ ವಿಭಾಗ, ಹಿಂದಿನ ಕೋಣೆ,
ಕಲ್ಲಿನ ಮಾದರಿಗಳ ಮೇಲೆ ದೂಳು,
ಕಿಟಕಿಯಾಚೆ ಗುಡ್ಡದ ಸಾಲಿಗೆ ತಿರುಗುವ ಗಾಳಿಗಂಬ.
ನಾನು ಬರೆದ ಸಾಲುಗಳು ಲ್ಯಾಪ್‌ಟಾಪಿನಲ್ಲಿ
ತೊಳೆಯದ ಪಾತ್ರೆಗಳ ಹಾಗೆ.
ನೆಂಟರು ಬಂದರೆ ಅಡುಗೆಮನೆಯ ಬಾಗಿಲು
ಎಳೆದುಕೊಳ್ಳುವವಳು ನಾನು.

ಕೆಲಸ ಇಷ್ಟೆ:
ಬಾವಿಯ ನೀರು ಎಷ್ಟು ಕೆಳಗಿದೆ ಎಂದು
ತಿಂಗಳಿಗೊಮ್ಮೆ ಅಳೆದು ಹಾಕಿದರೆ
ನೆಲದೊಳಗಿನ ನೀರಿನ ನಕ್ಷೆ ಬಿಡಿಸಿ ಕೊಡುತ್ತದೆ.
ಕೊಂಡು ತರುವುದಾದರೆ ವರ್ಷಕ್ಕೆ ಎರಡೂವರೆ ಲಕ್ಷ,
ಒಳಗೆ ಹೇಗೆ ಲೆಕ್ಕ ಮಾಡುತ್ತೀರಿ ಎಂದರೆ
ಅದು ಕಂಪನಿಯ ಗುಟ್ಟು.
"ಗುಟ್ಟಿನ ಲೆಕ್ಕಾನ ವಿಜ್ಞಾನ ಅಂತ ಹೆಂಗನ್ನೋದು?"
ಎಂದವನು ಮುಸ್ತಾಕ್, ಪ್ರಯೋಗಾಲಯದ ಸಹಾಯಕ,
ಆಮ್ಲಕ್ಕೆ ತೂತುಬಿದ್ದ ಅಂಗಿಯ ತೋಳು ಮಡಚುತ್ತ.

ಅವನೇ ಒಂದು ಸಂಜೆ ಸಂತೇಹೊಂಡದ ಮೆಟ್ಟಿಲ ಮೇಲೆ ಕೂರಿಸಿ
"ಮೇಲಿನ ಹೊಂಡ ತುಂಬಿ ಮಿಕ್ಕಿದ್ದನ್ನ
ಕೋಟೆಯೋರು ಹಿಡಿದಿಟ್ಟುಕೊಂಡಿದ್ರೆ
ಕೆಳಗಿನ ಪೇಟೆ ಏನು ಕುಡೀತಿತ್ತು ಮೇಡಂ?" ಅಂದ.
ಆ ರಾತ್ರಿ ಬಾಗಿಲು ತೆರೆದೆ.
ಯಾರು ಬೇಕಾದರೂ ಓದಿ, ತಿದ್ದಿ, ಒಯ್ಯಿರಿ.
ತಿದ್ದಿದ್ದನ್ನು ಮಾತ್ರ ಮುಚ್ಚಿಡಬೇಡಿ.

ಯಾರೂ ಬರಲಿಲ್ಲ.
ಎಂಟು ತಿಂಗಳು.
ಎಲೆ ಹಾಸಿ ಕಾದು ಕೂತವರಂತೆ ನಾವಿಬ್ಬರು.

ಮೊದಲು ಬಂದದ್ದು ಜಗಳ.
ಹಿರಿಯೂರಿನ ಟೀಚರ್ ವನಜಾಕ್ಷಿ:
"ಅಂತರ್ಜಲಮಟ್ಟ ನಮೂದಿಸಿ, ಅಂತೀರಲ್ಲ,
ಯಾರ ಮನೇಲಿ ಹಿಂಗೆ ಮಾತಾಡ್ತಾರೆ?
ನೀರು ಎಷ್ಟು ಕೆಳಗಿದೆ ಅಂತ ಕೇಳಿ, ಸಾಕು."
ಆಮೇಲೆ ದೂರದೇಶದ ಒಬ್ಬರು,
ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ,
ನಮ್ಮ ನಡುರಾತ್ರಿ ಅವರ ಮಧ್ಯಾಹ್ನ.
ನಾನು ನಲವತ್ತು ಸಾಲಲ್ಲಿ ಹೆಣಗಿದ್ದನ್ನು
ಆರರಲ್ಲಿ ಮುಗಿಸಿ
ಕೊನೆಗೆ ಕ್ಷಮೆಯನ್ನೂ ಕೇಳಿದ್ದರು.

ಪಾಲಯ್ಯ ಬಂದದ್ದು ಬಸ್ಸಿನಲ್ಲಿ.
ತುರುವನೂರಿನ ಕಡೆಯ ಹಳ್ಳಿ, ನೀರುಗಂಟಿ,
ಹೆಗಲ ಮೇಲೆ ಹಗ್ಗ, ಮೊಳಕ್ಕೊಂದು ಗಂಟು.
ಮೊಮ್ಮಗಳ ಫೋನು ಮುಂದೆ ಹಿಡಿದು
"ನಮ್ಮ ಬಾವಿ ಇಷ್ಟು ಆಳಕ್ಕೆ ಇಳಿದಿಲ್ಲ ಕಣವ್ವ.
ನೀವು ಎಲ್ಲಿಂದ ಅಳೀತೀರಿ?
ಕಟ್ಟೆ ಮೇಲಿಂದಲೋ, ನೆಲದಿಂದಲೋ?"

ಮುಸ್ತಾಕ್ ನನ್ನ ಮುಖ ನೋಡಿದ.
ನಾನು ಗೋಡೆ ನೋಡಿದೆ.
ನಾನೂರ ಹನ್ನೆರಡು ಬಾವಿ,
ಒಂದೊಂದರ ಕಟ್ಟೆ ಒಂದೊಂದು ಎತ್ತರ,
ಮೊಣಕಾಲುದ್ದ, ಸೊಂಟದುದ್ದ,
ಒಂದನ್ನೂ ಕಳೆದಿರಲಿಲ್ಲ.
ಮೂರು ವರ್ಷ ನನ್ನ ನಕ್ಷೆಯಲ್ಲಿ ನೀರು
ಹರಿಯದ ದಿಕ್ಕಿಗೆ ಹರಿದಿತ್ತು.

ತಿದ್ದಿದ್ದು ಒಂದೇ ಸಾಲು.
ರಾದ್ಧಾಂತವೆಲ್ಲ ಹೆಸರಿಗೆ.
ಕಟ್ಟಿದವರ ಪಟ್ಟಿಯಲ್ಲಿ ಪಾಲಯ್ಯ ಯಾಕೆ,
ಒಂದಕ್ಷರ ಬರೆದಿಲ್ಲವಲ್ಲ, ಎಂದ ಕಿರೀಟಿ,
ಪಿಎಚ್‌ಡಿ ಎರಡನೇ ವರ್ಷ.
ಭಾನುವಾರ, ಹಳೇ ಪೇಪರಿನ ಮೇಲೆ ಮಂಡಕ್ಕಿ,
ಅದು ಮೆತ್ತಗಾಗುವವರೆಗೂ ಮಾತು.
ವನಜಾಕ್ಷಿ ಮೆಣಸಿನಕಾಯಿಯ ತೊಟ್ಟು ಬದಿಗಿಟ್ಟು
"ಮೇಷ್ಟ್ರ ಲೆಕ್ಕದಲ್ಲಿ ತಪ್ಪು ತೋರಿಸಿದ್ದಕ್ಕೆ
ಒಬ್ಬಳನ್ನ ಬೆಂಚಿನ ಮೇಲೆ ನಿಲ್ಲಿಸಿದ್ರು.
ಇಡೀ ಪೀರಿಯಡ್ಡು ನಿಂತಿದ್ದೆ" ಅಂದರು.
ಆಮೇಲೆ ಯಾರೂ ಏನೂ ಅನ್ನಲಿಲ್ಲ.

ರಾತ್ರಿ ನೋಡಿದರೆ ಹೆಸರು ಸೇರಿದೆ,
ಸೇರಿಸಿದವನು ಕಿರೀಟಿಯೇ.
ನೀರುಗಂಟಿಗೆ ಇಂಗ್ಲಿಷಿನಲ್ಲಿ ಏನೆನ್ನಬೇಕೋ ತಿಳಿಯದೆ
ನೀರುಗಂಟಿ ಎಂದೇ ಬಿಟ್ಟಿದ್ದಾನೆ.

ಮೊನ್ನೆ ದೂರದೇಶದಿಂದ ಎರಡು ಸಾಲು:
ಕಟ್ಟೆ ಕಳೆದ ಮೇಲೆ
ತಮ್ಮ ಕಣಿವೆಯ ನಕ್ಷೆಯೂ ನೆಟ್ಟಗಾಯಿತಂತೆ.
ಓದಿ ಹೇಳಿದೆ. ಪಾಲಯ್ಯ ಹಗ್ಗ ಸುತ್ತುತ್ತಿದ್ದವರು
ಕೈ ನಿಲ್ಲಿಸಿ ಕೇಳಿದರು:
"ಅಲ್ಲೂ ಬಾವಿಗೆ ಕಟ್ಟೆ ಕಟ್ತಾರಾ?
ಮಕ್ಕಳು ಬಗ್ಗಿ ನೋಡ್ತವೆ ಅಂತ?"

ಕೇಳಿ ಬರೆದಿದ್ದೇನೆ.
ಅಲ್ಲಿ ಈಗ ನಡುರಾತ್ರಿ.